ಮೊಟ್ಟೆ ಕೆಡುವುದೇಕೆ? ಕಾಪಾಡುವುದು ಹೇಗೆ?

ಅಂಗಡಿಯಿಂದ ಮೊಟ್ಟೆ ಮನೆಗೆ ಬಂದೊಡನೆ ಕೆಲವರು ಅವನ್ನು ತೊಟ್ಟಿಯ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಒದ್ದೆಯಾಗಿರುವಂತೆಯೇ ಬುಟ್ಟಿಯಲ್ಲಿ ತುಂಬಿಡುತ್ತಾರೆ. ಇನ್ನು ಕೆಲವರು ತೊಳೆಯುವ ಗೊಡವೆಗೇ ಹೋಗದೆ ಒಲೆಯ ಪಕ್ಕದ ಗೂಡಿನಲ್ಲಿಟ್ಟು ಹದಿನೈದು ದಿನ ಮರೆತುಬಿಡುತ್ತಾರೆ. ಮೊದಲನೆಯವರು ಶುಚಿಯುಳ್ಳವರು, ಎರಡನೆಯವರು ಸೋಮಾರಿಗಳು ಎಂದು ನಮಗೆ ತೋರುವುದು ಸಹಜ. ಆದರೆ ಮೊಟ್ಟೆಯ ದೃಷ್ಟಿಯಿಂದ ನೋಡಿದರೆ ಇಬ್ಬರೂ ಅಪರಾಧಿಗಳೇ. ಯಾರ ಅಪರಾಧ ಯಾವ ಬಗೆಯದೆಂದು ತಿಳಿಯಬೇಕಾದರೆ ಮೊದಲು ಮೊಟ್ಟೆಯ ರಚನೆಯನ್ನು ಸ್ವಲ್ಪ ಪರಿಶೀಲಿಸಬೇಕು.

ಮೊಟ್ಟೆಯ ಚಿಪ್ಪಿನಲ್ಲಿ ನೂರಕ್ಕೆ ಸುಮಾರು 94 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಎಂದರೆ ಸುಣ್ಣಕಲ್ಲು, ಅಮೃತಶಿಲೆಗಳು ಯಾವುದರಿಂದ ಆಗಿವೆಯೋ ಅದೇ ವಸ್ತು. ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಕಣ್ಣಿಗೆ ಇದು ಮುಚ್ಚಿದ ಕರಂಡಕದಂತೆ ಕಂಡರೂ ವಾಸ್ತವವಾಗಿ ಇದೊಂದು ಜರಡಿ. ಒಂದು ಚಿಪ್ಪಿನಲ್ಲಿ ಸುಮಾರು ಹತ್ತು ಸಾವಿರ ಸೂಕ್ಷ್ಮರಂಧ್ರಗಳುಂಟು. ಪ್ರಕೃತಿ ಮೊಟ್ಟೆಯನ್ನು ನಿರ್ಮಿಸಿದ್ದು ನಮ್ಮ ಅಡಿಗೆಮನೆಗಾಗಿ ಅಲ್ಲವಷ್ಟೆ! ಕಾವಿನ ಇಪ್ಪತ್ತೊಂದು ದಿನವೂ ಒಳಗೆ ಬೆಳೆಯುವ ಮರಿ ಉಸಿರಾಡಬೇಕು. ಆಮ್ಲಜನಕ ಒಳಕ್ಕೆ ಹೋಗಬೇಕು, ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿ ಹೊರಕ್ಕೆ ಬರಬೇಕು. ಅದಕ್ಕಾಗಿಯೇ ಈ ಕಿಂಡಿಗಳು. ಕಿಂಡಿಯಿರುವಲ್ಲಿ ಕಳ್ಳನ ಭಯವೂ ಇದ್ದೇ ಇದೆ. ಆದಕಾರಣ ಚಿಪ್ಪಿನ ಹೊರಮೈ ಮೇಲೆ ಬಹು ತೆಳುವಾದ ಪ್ರೋಟೀನಿನ ಲೇಪವೊಂದಿದ್ದು, ರಂಧ್ರಗಳ ಬಾಯನ್ನು ಮುಚ್ಚಿರುತ್ತದೆ. ಅನಿಲಗಳು ಇದನ್ನು ಹಾಯಬಲ್ಲವು; ಏಕಾಣುಜೀವಿಗಳಿಗೆ ಇದು ತಡೆ. ಚಿಪ್ಪಿನ ಒಳಗೆ ಎರಡು ಪೊರೆಗಳುಂಟು. ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಂಟಿಗ್ರೇಡ್. ಹೊರಬಿದ್ದ ಮೊಟ್ಟೆ ತಣಿದು ಒಳಗಿನ ದ್ರವ ಕುಗ್ಗಿದಾಗ, ದಪ್ಪ ತುದಿಯಲ್ಲಿ ಈ ಪೊರೆಗಳು ಒಂದರಿಂದೊಂದು ಬಿಟ್ಟುಕೊಂಡು ನಡುವೆ ಗಾಳಿಯ ಕೋಣೆಯೊಂದು ಏರ್ಪಡುತ್ತದೆ. ಈ ಕೋಣೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಕೆಲಸ ಬಹಳವಿದೆ.

ಪೊರೆಗಳನ್ನು ದಾಟಿ ಬಂದ ಜೀವಾಣುವಿಗೆ ಎದುರಾಗುವುದು ಬಿಳಿಯ ಲೋಳೆ. ಇದು ಬರಿಯ ಆಹಾರವಲ್ಲ, ಕೋಟೆಯೂ ಹೌದು. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಏಕಾಣುಜೀವಿಗಳ ಮೈಗೋಡೆಯನ್ನು ಕರಗಿಸಿಬಿಡುವ ವಸ್ತುವೊಂದನ್ನು ವರ್ಣಿಸಿದರು. ಪೆನಿಸಿಲಿನ್ನಿಗೆ ಮುಂಚಿನ ಮಾತು ಇದು. ಲೈಸೊಜೈಮ್ ಎಂಬ ಈ ವಸ್ತು ನಮ್ಮ ಕಣ್ಣೀರಿನಲ್ಲಿಯೂ ಇದೆ, ಮೊಟ್ಟೆಯ ಬಿಳಿಯಲ್ಲಿ ಹೇರಳವಾಗಿಯೂ ಇದೆ. ಬಿಳಿಯಲ್ಲಿರುವ ಇನ್ನೊಂದು ಪ್ರೋಟೀನು ಕಬ್ಬಿಣದ ಅಂಶವನ್ನೆಲ್ಲ ಹಿಡಿದಿಟ್ಟುಕೊಂಡು, ಒಳನುಗ್ಗಿದ ಜೀವಾಣುಗಳನ್ನು ಉಪವಾಸ ಕೆಡವುತ್ತದೆ. ಕಬ್ಬಿಣವೂ ಇತರ ಪೋಷಕಗಳೂ ಸಮೃದ್ಧವಾಗಿರುವುದು ಹಳದಿಯಲ್ಲಿ; ಆ ಹಳದಿಯಾದರೋ ತನ್ನದೇ ಆದ ಪೊರೆಯೊಳಗೆ ಭದ್ರವಾಗಿರುತ್ತದೆ. ಮೊಟ್ಟೆ ಹಳೆಯದಾಗುವುದೆಂದರೆ, ಒಟ್ಟಿನಲ್ಲಿ, ಈ ಕಾವಲುಗಳು ಒಂದೊಂದಾಗಿ ಸಡಿಲವಾಗುವುದು.

ಹೊಸ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಕರಗಿರುತ್ತದೆ. ಅದು ರಂಧ್ರಗಳ ಮೂಲಕ ಹೊರಬೀಳುತ್ತಾ ಹೋದಂತೆ ಬಿಳಿಯ ಕ್ಷಾರಗುಣ ಹೆಚ್ಚುತ್ತದೆ. ಪಿಎಚ್ ಮಾನದಲ್ಲಿ ಸುಮಾರು 7.6 ಇದ್ದದ್ದು 9ನ್ನು ಮೀರುತ್ತದೆ. ಆಗ ಗಟ್ಟಿಯಾದ ಲೋಳೆ ನೀರಾಗುತ್ತದೆ, ಹಳದಿಯ ಪೊರೆ ಬಲಗುಂದುತ್ತದೆ. ಬಾಣಲೆಗೆ ಒಡೆದು ಹಾಕಿದ ಹಳೆಯ ಮೊಟ್ಟೆ ಚಪ್ಪಟೆಯಾಗಿ ಹರಡಿಕೊಳ್ಳುವುದು ಇದರಿಂದಲೇ. (ಬೇಯಿಸಿದಾಗ ಹಳೆಯ ಮೊಟ್ಟೆಯ ಸಿಪ್ಪೆ ಸುಲಭವಾಗಿ ಬಿಡುವುದಕ್ಕೂ ಈ ಕ್ಷಾರಗುಣವೇ ಕಾರಣ. ಕೆಟ್ಟದ್ದರಲ್ಲಿಯೂ ಒಂದು ಒಳ್ಳೆಯದು!) ಈ ಬದಲಾವಣೆಗಳೆಲ್ಲ ಉಷ್ಣತೆ ಹೆಚ್ಚಿದಂತೆ ತ್ವರೆಗೊಳ್ಳುತ್ತವೆ. ಒಲೆಯ ಪಕ್ಕದ ಗೂಡಿನ ಅಪರಾಧ ಇದು.

ಇನ್ನು ಎಲ್ಲರೂ ಬಲ್ಲ ನೀರಿನ ಪರೀಕ್ಷೆ. ಮುಳುಗಿದರೆ ಒಳ್ಳೆಯ ಮೊಟ್ಟೆ, ತೇಲಿದರೆ ಕೆಟ್ಟ ಮೊಟ್ಟೆ ಎಂದು ಹೇಳುವುದುಂಟು. ಇದರ ತಿರುಳನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. 55 ಗ್ರಾಂ ತೂಗುವ ಹೊಸ ಮೊಟ್ಟೆಯ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 1.085 ಗ್ರಾಂ, ಆದ್ದರಿಂದ ಅದರ ಗಾತ್ರ 50.7 ಘನ ಸೆಂಟಿಮೀಟರ್. ದಿನ ಕಳೆದಂತೆ ನೀರು ಆವಿಯಾಗಿ ಹೋಗುತ್ತದೆ, ಆ ಸ್ಥಳಕ್ಕೆ ಗಾಳಿ ಬರುತ್ತದೆ, ಗಾಳಿಕೋಣೆ ಹಿಗ್ಗುತ್ತದೆ. ಚಿಪ್ಪು ಗಟ್ಟಿಯಾದುದರಿಂದ ಹೊರಗಿನ ಗಾತ್ರ ಮಾತ್ರ ಬದಲಾಗದು. ಆರ್ಕಿಮಿಡೀಸನ ತತ್ತ್ವದಂತೆ ತೂಕ 50.7 ಗ್ರಾಮಿಗಿಂತ ಇಳಿದಾಗ ಮೊಟ್ಟೆ ತೇಲತಕ್ಕದ್ದು. ಎಂದರೆ ಅದು ಸುಮಾರು 4.3 ಗ್ರಾಂ ನೀರನ್ನು ಕಳೆದುಕೊಂಡಿರಬೇಕು. ಅದಕ್ಕೆ ಮೊದಲೇ, ದಪ್ಪ ತುದಿ ಹಗುರವಾಗಿರುವುದರಿಂದ, ಮೊಟ್ಟೆ ಪಾತ್ರೆಯ ತಳದಲ್ಲಿ ಮಲಗಿರದೆ ಮೊನೆಯ ಮೇಲೆ ಎದ್ದು ನಿಲ್ಲುತ್ತದೆ. ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿ ದೊರೆಯುವ ವಿದ್ಯಾರ್ಥಿಗಳು ಒಂದು ಮೊಟ್ಟೆಯನ್ನು ದಿನವೂ ತೂಗಿ ನಕ್ಷೆ ಬರೆದು ನೋಡಬಹುದು. ತಕ್ಕಡಿಯಿಲ್ಲದವರು ಕತ್ತಲೆಯ ಕೋಣೆಯಲ್ಲಿ ಟಾರ್ಚಿನ ಮುಖಕ್ಕೆ ದಪ್ಪ ತುದಿಯನ್ನು ಒತ್ತಿ ಹಿಡಿದರೆ ಗಾಳಿಕೋಣೆಯ ಅಂಚು ನೆರಳಿನ ಗೆರೆಯಂತೆ ಕಾಣುತ್ತದೆ. ಹೊಸ ಮೊಟ್ಟೆಯಲ್ಲಿ ಅದರ ಆಳ ಮೂರು ಮಿಲಿಮೀಟರಿನಷ್ಟು ಮಾತ್ರ.

ಪರೀಕ್ಷೆಯೇನೋ ಸೊಗಸಾದದ್ದು. ಆದರೆ ಅದು ಅಳೆಯುವುದು ಏನನ್ನು? ಹೋದ ನೀರನ್ನು, ಅಷ್ಟೇ. ಆ ನೀರು ಎಷ್ಟು ಬೇಗ ಹೋಗುವುದೆಂಬುದು ಗಾಳಿಯ ಒಣತನವನ್ನು ಅವಲಂಬಿಸಿದೆ. ಬೇಸಗೆಯ ರಾಯಚೂರಿನಲ್ಲಿ ತೇಲುವ ಮೊಟ್ಟೆ, ಮಳೆಗಾಲದ ಮಂಗಳೂರಿನಲ್ಲಿ ಮುಳುಗುವ ಮೊಟ್ಟೆಗಿಂತ ಹೊಸದಾಗಿರಬಹುದು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ರೋಗಾಣುಗಳಿಗೆ ತೂಕವೂ ಇಲ್ಲ, ಬಹುವೇಳೆ ವಾಸನೆಯೂ ಇಲ್ಲ. ಕೊಳೆತು ನಾರುವ ಮೊಟ್ಟೆಯನ್ನು ಯಾರೂ ತಿನ್ನುವುದಿಲ್ಲ. ಮೂಗೇ ನಮ್ಮನ್ನು ಕಾಯುತ್ತದೆ. ಭಯವಿರುವುದು ಚೆನ್ನಾಗಿ ಮುಳುಗುವ, ನೋಡಲು ಅಂದವಾದ, ಒಳಗೆ ಸಾಲ್ಮೊನೆಲ್ಲ ಎಂಬ ಜೀವಾಣುವನ್ನು ಹೊತ್ತಿರುವ ಮೊಟ್ಟೆಯಿಂದ.

ಈ ಜೀವಾಣು ಕೋಳಿಯ ಕರುಳಿನಲ್ಲಿದ್ದು ಹಿಕ್ಕೆಯ ಮೂಲಕ ಚಿಪ್ಪಿಗೆ ಹತ್ತುವುದು ಹಿಂದಿನಿಂದ ತಿಳಿದ ಸಂಗತಿ. 1980ರ ದಶಕದಲ್ಲಿ ಸ್ಪಷ್ಟವಾದದ್ದು ಇನ್ನೂ ಕಳವಳದ ವಿಷಯ: ಇದರ ಒಂದು ಬಗೆ ಕೋಳಿಯ ಅಂಡಾಶಯವನ್ನೇ ಸೇರಿ, ಚಿಪ್ಪು ಕಟ್ಟುವುದಕ್ಕೆ ಮೊದಲೇ ಮೊಟ್ಟೆಯೊಳಗೆ ಕುಳಿತುಬಿಡುತ್ತದೆ. 1988ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆಯ ಕಿರಿಯ ಸಚಿವೆ ಎಡ್ವಿನಾ ಕರಿ ಅವರು ದೇಶದ ಮೊಟ್ಟೆಯ ಉತ್ಪಾದನೆಯ ಬಹುಭಾಗಕ್ಕೆ ಈ ಸೋಂಕು ತಗಲಿದೆಯೆಂದು ಹೇಳಿದಾಗ ಮಾರಾಟ ಕುಸಿಯಿತು. ಗದ್ದಲವೆದ್ದು ಆಕೆ ಪದವಿಯನ್ನೇ ಬಿಡಬೇಕಾಯಿತು. ಮಾತು ಅತಿಯಾಯಿತು, ಆದರೆ ಬುಡವಿಲ್ಲದ್ದಾಗಿರಲಿಲ್ಲ. ಆ ಬಳಿಕ ಅಲ್ಲಿ ಕೋಳಿಗಳಿಗೆ ಲಸಿಕೆ ಹಾಕುವ ಯೋಜನೆ ನಡೆದು, 2017ರಲ್ಲಿ ಆ ಯೋಜನೆಯ ಮುದ್ರೆಯುಳ್ಳ ಮೊಟ್ಟೆಗಳನ್ನು ಮಾತ್ರ ಮಕ್ಕಳೂ ಬಸುರಿಯರೂ ಅರೆಬೆಂದಂತೆ ತಿನ್ನಬಹುದೆಂದು ಸರಕಾರ ಸಾರಿತು. ಈ ಅಭಯ ಮುದ್ರೆಯಿಲ್ಲದ ಮೊಟ್ಟೆಗೆ ಸಲ್ಲುವುದಿಲ್ಲ. ಸೋಂಕು ತಗಲಿದವರಿಗೆ ಜ್ವರ, ಹೊಟ್ಟೆನುಲಿತ, ಭೇದಿ. ಗಟ್ಟಿಮುಟ್ಟಾದ ತರುಣರು ಕೆಲವು ದಿನ ನರಳಿ ಚೇತರಿಸಿಕೊಳ್ಳುವರು. ಹಸುಗೂಸುಗಳಿಗೂ ಮುದುಕರಿಗೂ ಇದು ಪ್ರಾಣಾಂತಿಕವಾಗಬಹುದು.

ಒಳಸೇರಿದ ಜೀವಾಣುಗಳು ಮೊದಮೊದಲು ಬೆರಳೆಣಿಕೆಯಷ್ಟೇ ಇರುತ್ತವೆ. ಬಿಳಿಯ ಕೋಟೆ ಅವನ್ನು ಬೆಳೆಯಗೊಡುವುದಿಲ್ಲ. ಹಳದಿಯ ಪೊರೆ ಸಡಿಲಿ ಪೋಷಕಗಳು ಹೊರಸೂಸಿದಾಗ, ಇಲ್ಲವೆ ನಾವೇ ಮೊಟ್ಟೆಯನ್ನು ಒಡೆದು ಕಲಕಿಟ್ಟಾಗ, ಅವಕ್ಕೆ ಸುಗ್ಗಿ. ಅನುಕೂಲವಾದ ಬಿಸುಪಿನಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ, ಹತ್ತು ಗಂಟೆಗಳಲ್ಲಿ ಒಂದು ಜೀವಾಣು ಹತ್ತು ಲಕ್ಷವನ್ನು ಮೀರುತ್ತದೆ. ಐದು ಡಿಗ್ರಿಗಿಂತ ಕೆಳಗೆ ಈ ಬೆಳವಣಿಗೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ಶೈತ್ಯದ ಮಹಿಮೆ ಇದೇ, ಕೊಲ್ಲುವುದಿಲ್ಲ, ತಡೆಹಿಡಿಯುತ್ತದೆ.

ಈಗ ತೊಳೆಯುವವರ ವಿಚಾರ. ಬೇಸಗೆಯ ದಿನ 35 ಡಿಗ್ರಿಯಲ್ಲಿರುವ ಮೊಟ್ಟೆಯನ್ನು 20 ಡಿಗ್ರಿಯ ನೀರಿಗೆ ಹಾಕಿದೆವೆನ್ನಿ. ನಿರಪೇಕ್ಷ ಮಾನದಲ್ಲಿ ಇದು 308ರಿಂದ 293ಕ್ಕೆ ಇಳಿದಂತೆ. ಗಾಳಿಕೋಣೆಗೆ ಹೊರಗಿನಿಂದ ಏನೂ ಬಾರದಿದ್ದರೆ ಅದರೊಳಗಿನ ಒತ್ತಡ ನೂರಕ್ಕೆ ಐದರಷ್ಟು ತಗ್ಗಬೇಕು. ಪಾದರಸದ ಸ್ತಂಭದಲ್ಲಿ 37 ಮಿಲಿಮೀಟರ್, ನೀರಿನ ಸ್ತಂಭದಲ್ಲಿ ಅರ್ಧ ಮೀಟರ್! ಇದು ಲೆಕ್ಕದ ಗರಿಷ್ಠ ಮಿತಿ. ಪೊರೆಗಳು ಬಾಗುವುದರಿಂದ ನಿಜವಾದ ಸೆಳೆತ ಇಷ್ಟಿರಲಾರದು. ಆದರೂ ಸೆಳೆತ ಒಳಮುಖವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಉಜ್ಜಿದ್ದರಿಂದ ರಂಧ್ರಗಳ ಲೇಪ ಕಿತ್ತುಹೋಗಿದೆ. ಚಿಪ್ಪಿನ ಮೇಲಿನ ಹೊಲಸು ನೀರಿನಲ್ಲಿ ಕದಡಿದೆ. ಆ ನೀರನ್ನು ಮೊಟ್ಟೆ ತಾನೇ ಹೀರಿಕೊಳ್ಳುತ್ತಿದೆ. ಶುಚಿತ್ವದ ಹೆಸರಿನಲ್ಲಿ ನಾವು ಕಳ್ಳನಿಗೆ ಬಾಗಿಲು ತೆರೆದಂತಾಯಿತು.

ಅಮೆರಿಕದಲ್ಲಿ ಮೊಟ್ಟೆಗಳನ್ನು ಕಾರ್ಖಾನೆಯಲ್ಲಿ ತೊಳೆದೇ ಮಾರುತ್ತಾರಲ್ಲವೆ ಎಂದು ಕೇಳಬಹುದು. ಹೌದು. ಆದರೆ ಅಲ್ಲಿನ ನಿಯಮದಂತೆ ತೊಳೆಯುವ ನೀರು 32 ಡಿಗ್ರಿಗೆ ಕಡಿಮೆಯಿರಕೂಡದು, ಮೊಟ್ಟೆಗಿಂತ 11 ಡಿಗ್ರಿಯಾದರೂ ಬಿಸಿಯಾಗಿರಬೇಕು. ಆಗ ಒತ್ತಡ ಹೊರಮುಖವಾಗುತ್ತದೆ. ಕೂಡಲೇ ಒಣಗಿಸಿ, ಸುಮಾರು 7 ಡಿಗ್ರಿಯ ಶೈತ್ಯದಲ್ಲಿ ಅಂಗಡಿಯವರೆಗೂ ಸಾಗಿಸಬೇಕು. ಯೂರೋಪಿನ ಒಕ್ಕೂಟದಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಮೊದಲ ದರ್ಜೆಯ ಮೊಟ್ಟೆಗಳನ್ನು ತೊಳೆಯಲೇ ಕೂಡದು. ಎರಡೂ ಪದ್ಧತಿಗಳು ತಮ್ಮ ತಮ್ಮ ರೀತಿಯಲ್ಲಿ ಸರಿ. ನಮ್ಮ ತೊಟ್ಟಿಯ ಪದ್ಧತಿ ಮಾತ್ರ ಎರಡರಲ್ಲಿಯೂ ಸೇರದು. ಚಿಪ್ಪಿಗೆ ಅಂಟಿದ ಹಿಕ್ಕೆಯನ್ನು ಒಣಬಟ್ಟೆಯಿಂದ ಒರಸಿದರೆ ಸಾಕು. ತೊಳೆಯಲೇಬೇಕೆನಿಸಿದರೆ ಒಡೆಯುವುದಕ್ಕೆ ಸ್ವಲ್ಪ ಮುಂಚೆ, ಬೆಚ್ಚನೆಯ ನೀರಿನಲ್ಲಿ. ಬಿರುಕು ಬಿಟ್ಟದ್ದನ್ನು ಇಡುವ ಆಸೆಯೇ ಬೇಡ.

ರೆಫ್ರಿಜರೇಟರ್ ಇರುವ ಮನೆಯವರು ಮೊಟ್ಟೆಗಳನ್ನು ಅದರ ಬಾಗಿಲಿನ ಗುಳಿಗಳಲ್ಲಿ ಜೋಡಿಸುವುದು ವಾಡಿಕೆ. ತಯಾರಕರೇ ಆ ಗುಳಿಗಳನ್ನು ಮಾಡಿಟ್ಟಿರುವಾಗ ಯಾರನ್ನು ದೂರುವುದು? ಆದರೆ ಬಾಗಿಲು ತೆರೆದಾಗಲೆಲ್ಲ ಬಿಸಿಗಾಳಿ ಮೊದಲು ತಾಕುವುದು ಅಲ್ಲಿಗೇ. ಮುಚ್ಚಳವಿರುವ ಡಬ್ಬಿಯಲ್ಲಿ, ಒಳಗಿನ ತಟ್ಟೆಯ ಮೇಲೆ, ದಪ್ಪ ತುದಿ ಮೇಲಾಗಿ ಇಡುವುದು ಲೇಸು. ಹಳದಿ ಭಾಗ ಬಿಳಿಗಿಂತ ಹಗುರವಾದುದರಿಂದ ಮೆಲ್ಲಗೆ ಮೇಲೇರಲು ನೋಡುತ್ತದೆ. ಹೀಗಿಟ್ಟರೆ ಅದಕ್ಕೂ ಚಿಪ್ಪಿಗೂ ನಡುವೆ ಗಾಳಿಕೋಣೆ ಇರುತ್ತದೆ. ಹೀಗೆ ಮೂರರಿಂದ ಐದು ವಾರ ಮೊಟ್ಟೆ ಚೆನ್ನಾಗಿರಬಲ್ಲುದು. ಹಿಮಗಟ್ಟುವ ಅರೆಯಲ್ಲಿ ಮಾತ್ರ ಇಡಬಾರದು. ನೀರು ಮಂಜಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಚಿಪ್ಪನ್ನು ಸೀಳುತ್ತದೆ.

ಒಮ್ಮೆ ತಣ್ಣಗಾದ ಮೊಟ್ಟೆಯನ್ನು ಹೊರಗಿಟ್ಟು, ಮತ್ತೆ ಒಳಗಿಟ್ಟು ಮಾಡುವುದು ಇನ್ನೊಂದು ತಪ್ಪು. ಗಾಳಿಯ ಉಷ್ಣತೆ 30 ಡಿಗ್ರಿ, ಆರ್ದ್ರತೆ ನೂರಕ್ಕೆ 70 ಇದ್ದಾಗ ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ಐದು ಡಿಗ್ರಿಯ ಮೊಟ್ಟೆ ಅಂಥ ಗಾಳಿಗೆ ಬಂದ ಕ್ಷಣವೇ ಬೆವರುತ್ತದೆ. ಈ ಬೆವರೂ ತೊಟ್ಟಿಯ ನೀರಿನ ಕೆಲಸವನ್ನೇ ಮಾಡುತ್ತದೆ. ಬೇಕಾದಷ್ಟನ್ನೇ ತೆಗೆದು ಎರಡು ಗಂಟೆಯೊಳಗೆ ಬಳಸಿಬಿಡಬೇಕು.

ರೆಫ್ರಿಜರೇಟರ್ ಇಲ್ಲದವರು? ಮಣ್ಣಿನ ಅಗಲ ಮಡಕೆಯಲ್ಲಿ ಮರಳು ತುಂಬಿ, ನೀರು ಚಿಮುಕಿಸಿ, ಅದರ ನಡುವೆ ಚಿಕ್ಕ ಒಣಮಡಕೆಯನ್ನಿಟ್ಟು, ಮೊಟ್ಟೆಗಳನ್ನು ಅದರೊಳಗೆ ಇಡಬಹುದು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಸುತ್ತಣಿಂದ ಸೆಳೆಯುತ್ತದೆ. ಕಲಬುರಗಿಯ ಒಣ ಬೇಸಗೆಯಲ್ಲಿ, 40 ಡಿಗ್ರಿ ಉಷ್ಣತೆ, 20 ಭಾಗ ಆರ್ದ್ರತೆ ಇರುವಾಗ, ಈ ಉಪಾಯದಿಂದ 23 ಡಿಗ್ರಿಯ ಸಮೀಪಕ್ಕೆ ಇಳಿಯಬಹುದು. ಕರಾವಳಿಯಲ್ಲಿ, 33 ಡಿಗ್ರಿ ಉಷ್ಣತೆ, 70 ಭಾಗ ಆರ್ದ್ರತೆ ಇದ್ದರೆ, 28ಕ್ಕಿಂತ ಕೆಳಗಿಳಿಯದು. ಅಲ್ಲಿ ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ಕೊಳ್ಳುವುದು ಮೇಲು. ಹುಂಜವಿರುವ ಮನೆಯ ನಾಟಿ ಮೊಟ್ಟೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಸೆಕೆ ಹೆಚ್ಚಾದರೆ ಕಾವಿಲ್ಲದೆಯೂ ಭ್ರೂಣ ಅರೆಬರೆ ಬೆಳೆದು ಸಾಯುತ್ತದೆ. ಸುಣ್ಣದ ತಿಳಿನೀರಿನಲ್ಲಿ ಅದ್ದುವ ಹಳೆಯ ಪದ್ಧತಿಯೊಂದುಂಟು. ರಂಧ್ರದಿಂದ ಹೊರಡುವ ಇಂಗಾಲದ ಡೈ ಆಕ್ಸೈಡ್ ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಆ ರಂಧ್ರವನ್ನೇ ಮುಚ್ಚಿಬಿಡುತ್ತದೆ. ಬಲು ಜಾಣತನದ ರಸಾಯನಕ್ರಿಯೆ. ಇದರಿಂದ ಮೊಟ್ಟೆ ಒಣಗುವುದು ನಿಲ್ಲುತ್ತದೆ, ಒಳಗಿರುವ ಜೀವಾಣು ಸಾಯುವುದಿಲ್ಲ.

ಅದನ್ನು ಸಾಯಿಸುವುದು ಬೆಂಕಿಯೇ. ಒಳಗಿನ ಉಷ್ಣತೆ 71 ಡಿಗ್ರಿ ಮುಟ್ಟಬೇಕು; ಬಿಳಿ, ಹಳದಿ ಎರಡೂ ಗಟ್ಟಿಯಾಗಿದ್ದರೆ ಆ ಮಟ್ಟ ಮುಟ್ಟಿತೆಂದು ತಿಳಿಯಬಹುದು. ಹಸಿಮೊಟ್ಟೆಯನ್ನು ಹಾಲಿಗೆ ಒಡೆದು ಕುಡಿಯುವ ವ್ಯಾಯಾಮಪ್ರಿಯರು ಇನ್ನೊಂದು ಸಂಗತಿಯನ್ನೂ ಕೇಳಬೇಕು. 1998ರಲ್ಲಿ ಬೆಲ್ಜಿಯಮ್ಮಿನಲ್ಲಿ ಅಳೆದು ನೋಡಿದಾಗ ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ನೂರಕ್ಕೆ 91 ಭಾಗ ಜೀರ್ಣವಾಯಿತು; ಹಸಿಯದರಲ್ಲಿ 51 ಮಾತ್ರ.

ಬೇಯಿಸಿದ ಮೊಟ್ಟೆ ಹಸಿಯದಕ್ಕಿಂತ ಬೇಗ ಕೆಡುತ್ತದೆಂಬುದು ಅನೇಕರಿಗೆ ಆಶ್ಚರ್ಯವೆನಿಸೀತು. ಕುದಿನೀರು ಚಿಪ್ಪಿನ ಲೇಪವನ್ನು ತೊಳೆದಿರುತ್ತದೆ, ಲೈಸೊಜೈಮಿನ ಬಲವನ್ನೂ ಮುರಿದಿರುತ್ತದೆ. ಕಾವಲುಗಾರರೇ ಇಲ್ಲದ ಕೋಟೆ ಅದು. ಹೊರಗೆ ಎರಡು ಗಂಟೆ, ಕಡು ಸೆಕೆಯಲ್ಲಿ ಒಂದೇ ಗಂಟೆ. ರೆಫ್ರಿಜರೇಟರಿನಲ್ಲಿ ಒಂದು ವಾರ. ಪ್ರಯಾಣದ ಬುತ್ತಿ ಕಟ್ಟುವವರು ಇದನ್ನು ಮರೆಯಬಾರದು. ಬೆಂದದ್ದು ಯಾವುದು, ಹಸಿ ಯಾವುದು ಎಂದು ಸಂದೇಹ ಬಂದರೆ ಒಡೆದು ನೋಡಬೇಕಾಗಿಲ್ಲ. ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ, ಬೆರಳಿನಿಂದ ಕ್ಷಣಕಾಲ ತಡೆದು ಬಿಡಿ. ಬೆಂದದ್ದು ನಿಂತೇ ಇರುತ್ತದೆ. ಹಸಿಯದು ಒಳಗಿನ ದ್ರವದ ಜಡತ್ವದಿಂದ ತಾನಾಗಿ ಮತ್ತೆ ತಿರುಗತೊಡಗುತ್ತದೆ.