ಕಾಯಕದ ಹೆಸರು ಹೊತ್ತು ಬಂದ ವಿಷ



ವಿಷವನ್ನು ಯಾರೂ ವಿಷವೆಂದು ಹೆಸರಿಟ್ಟು ಮಾರುವುದಿಲ್ಲ. ಜಪಾನ್ ದೇಶದಲ್ಲಿ 1941ರಲ್ಲಿ ಒಂದು ಮಾತ್ರೆ ಪೇಟೆಗೆ ಬಂತು. ಹೆಸರು ಫಿಲೋಪಾನ್. ಗ್ರೀಕ್ ಭಾಷೆಯ ಮೂಲ ಹಿಡಿದು ನೋಡಿದರೆ 'ದುಡಿಮೆಯ ಮೇಲಿನ ಪ್ರೀತಿ' ಎಂದು ಅದರ ಅರ್ಥ. ಕಾಯಕವನ್ನೇ ಪೂಜೆ ಎಂದು ನಂಬಿದ ನಮ್ಮವರ ಕಿವಿಗೆ ಎಷ್ಟು ಇಂಪಾದ ಹೆಸರು ನೋಡಿರಿ! ಆದರೆ ಆ ಮಾತ್ರೆಯೊಳಗೆ ಇದ್ದದ್ದು ಮೆಥಾಂಫೆಟಮೈನ್. ಇಂದು ಪಟ್ಟಣದ ಹುಡುಗರ ಬಾಯಲ್ಲಿ ಮೆತ್, ಐಸ್, ಕ್ರಿಸ್ಟಲ್ ಎಂದು ಓಡಾಡುತ್ತಿರುವ ವಸ್ತು ಅದೇ.

ಇದನ್ನು ಮೊದಲು ತಯಾರಿಸಿದವರು ಕಳ್ಳರಲ್ಲ, ಪಂಡಿತರು. ನಾಗಾಯಿ ನಾಗಯೋಶಿ ಎಂಬ ಜಪಾನಿ ವಿದ್ವಾಂಸರು ಒಂದು ಔಷಧಿ ಗಿಡದಿಂದ ಎಫೆಡ್ರಿನ್ ಎಂಬ ಸಾರವನ್ನು ತೆಗೆದು, 1893ರಲ್ಲಿ ಅದರಿಂದ ಇದನ್ನು ಸಿದ್ಧಪಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಇದಕ್ಕೆ ಬಹಳ ಗಿರಾಕಿ ಬಂತು. ಜರ್ಮನಿಯಲ್ಲಿ ಇದರ ಹೆಸರು ಪರ್ವಿಟಿನ್. 1940ರ ಕೆಲವೇ ತಿಂಗಳಲ್ಲಿ ಅಲ್ಲಿನ ಸೈನ್ಯಕ್ಕೆ ಮೂರೂವರೆ ಕೋಟಿ ಮಾತ್ರೆಗಳು ಹೋದವು. ಜಪಾನಿನಲ್ಲಿ ವಿಮಾನ ಹಾರಿಸುವವರಿಗೂ ಮದ್ದುಗುಂಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ದುಡಿಯುವವರಿಗೂ ಕೊಟ್ಟರು. ನಿದ್ರೆ ಬರಬಾರದು, ಹಸಿವು ಕಾಡಬಾರದು, ಕೈ ನಿಲ್ಲಬಾರದು. ಇಷ್ಟೇ ಉದ್ದೇಶ.

1945ರಲ್ಲಿ ಯುದ್ಧ ಮುಗಿಯಿತು, ಮಾತ್ರೆ ಉಳಿಯಿತು. ಸೋತ ದೇಶ, ಸುಟ್ಟ ಊರು, ಕೆಲಸವಿಲ್ಲದ ತರುಣರು, ತಂದೆ ತಾಯಿ ಇಲ್ಲದ ಮಕ್ಕಳು. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿದ್ದ ಮದ್ದು ಅವರ ಊಟವಾಯಿತು. 1951ರಲ್ಲಿ ಬಿಗಿ ಕಾನೂನು ಬಂತು. ಆದರೂ 1954ರ ಒಂದೇ ವರ್ಷದಲ್ಲಿ 55 ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು. ಆಮೇಲೆ ಶಿಕ್ಷೆಯನ್ನು ಹೆಚ್ಚಿಸಿ, ಜೊತೆಗೇ ವ್ಯಸನಿಗಳನ್ನು ಆಸ್ಪತ್ರೆಗೆ ಸೇರಿಸಿ, ಊರೂರಿಗೆ ತಿಳಿವಳಿಕೆ ಕೊಟ್ಟಮೇಲೆಯೇ ಪಿಡುಗು ಇಳಿದದ್ದು. 1970ರ ದಶಕದಲ್ಲಿ ಅದು ಮತ್ತೆ ತಲೆ ಎತ್ತಿತು ಎಂಬುದನ್ನೂ ಹೇಳಬೇಕು.

ಥಾಯ್ಲೆಂಡಿನ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಲಾರಿ ಚಾಲಕರು, ಕೂಲಿಕಾರರು ನಿದ್ದೆಗೆಡಲು ನುಂಗುತ್ತಿದ್ದ ಈ ಗುಳಿಗೆಗೆ 'ಯಾ ಮಾ' ಎಂಬ ಹೆಸರಿತ್ತು. ಅಂದರೆ ಕುದುರೆ ಮದ್ದು. ಕುದುರೆಯಂತೆ ದುಡಿಸುತ್ತದೆ ಎಂದಮೇಲೆ ಯಾರಿಗೆ ಬೇಡ? 1996ರಲ್ಲಿ ಅಲ್ಲಿನ ಸರ್ಕಾರವೇ ಆ ಹೆಸರನ್ನು ತೆಗೆದು 'ಯಾ ಬಾ' ಎಂದು ಕರೆಯಿತು. ಅಂದರೆ ಹುಚ್ಚು ಮದ್ದು. ಸರ್ಕಾರಗಳು ಇಡುವ ಹೆಸರುಗಳಲ್ಲಿ ಇಷ್ಟು ಸತ್ಯ ಇರುವುದು ಅಪರೂಪ.

ಈ ಮದ್ದು ಮೈಗೆ ಬಲ ಕೊಡುವುದಿಲ್ಲ. ಬಿತ್ತನೆಗೆಂದು ಹಗೇವಿನಲ್ಲಿ ಕಾದಿಟ್ಟ ಬೀಜದ ಜೋಳವನ್ನು ತೆಗೆದು ಇವತ್ತೇ ರೊಟ್ಟಿ ಸುಟ್ಟು ತಿಂದಂತೆ ಇದರ ಕೆಲಸ. ಮನಸ್ಸಿಗೆ ಉಲ್ಲಾಸ ತರುವ ಡೋಪಮೈನ್ ಎಂಬ ರಸ ಮಿದುಳಿನಲ್ಲಿದೆ. ಅದು ಹನಿಹನಿಯಾಗಿ ಸುರಿಯಬೇಕಾದದ್ದು. ಈ ಮದ್ದು ಅದನ್ನು ಒಮ್ಮೆಗೇ ಕೊಡ ಬೋರಲು ಹಾಕಿದಂತೆ ಸುರಿಸುತ್ತದೆ. ಆ ರಾತ್ರಿ ಹಬ್ಬ. ಮರುದಿನ ಕೊಡ ಬರಿದು. ಆಮೇಲೆ ತಾಯಿಯ ಮಾತು, ಹಬ್ಬದ ಹೋಳಿಗೆ, ಕಣದ ತುಂಬ ಬಿದ್ದ ರಾಶಿ, ಯಾವುದೂ ಸಂತೋಷ ಕೊಡುವುದಿಲ್ಲ. ಎರಡು ಮೂರು ದಿನ ಕಣ್ಣು ಮುಚ್ಚದ ಹುಡುಗ ಮೈ ಕೆರೆದುಕೊಳ್ಳುತ್ತಾನೆ, ಹಲ್ಲು ಹಾಳಾಗುತ್ತವೆ, ಮೈ ಇಳಿಯುತ್ತದೆ. ಯಾರೋ ತನ್ನ ಬೆನ್ನು ಹತ್ತಿದ್ದಾರೆ ಎನ್ನುತ್ತಾನೆ. ಇಲ್ಲದ ಧ್ವನಿ ಕೇಳುತ್ತಾನೆ. ಇದನ್ನು ಗಾಳಿ ಬಡಿಯಿತು, ಮಾಟ ಮಾಡಿದರು ಎಂದು ತಿಳಿದು ತಾಯತ ಕಟ್ಟಿಸುವವರಿಗೆ ಹೇಳುವ ಮಾತು ಇಷ್ಟೆ: ಕಟ್ಟಿಸುವುದಾದರೆ ಕಟ್ಟಿಸಿರಿ, ಆದರೆ ಅದೇ ದಿನ ವೈದ್ಯರಿಗೂ ತೋರಿಸಿರಿ.

'ಇದೆಲ್ಲ ದೂರದ ದೇಶದ ಮಾತು' ಎನ್ನಬೇಡಿರಿ. 2024ರ ನವೆಂಬರಿನಲ್ಲಿ ಅಂಡಮಾನ್ ಹತ್ತಿರದ ಸಮುದ್ರದಲ್ಲಿ ನಮ್ಮ ಕರಾವಳಿ ಕಾವಲು ಪಡೆಯವರು ಒಂದೇ ಮೀನುದೋಣಿಯಲ್ಲಿ ಐದೂವರೆ ಸಾವಿರ ಕಿಲೋಗೂ ಹೆಚ್ಚು ಇದೇ ಮದ್ದನ್ನು ಹಿಡಿದರು. ಸಿಕ್ಕಿದ್ದು ಇಷ್ಟಾದರೆ ಸಿಗದೆ ದಾಟಿದ್ದು ಎಷ್ಟೋ.

ಇನ್ನು ನಮ್ಮ ಮನೆಗಳ ಮಾತು. ಓದಲೆಂದೋ ದುಡಿಯಲೆಂದೋ ಪಟ್ಟಣಕ್ಕೆ ಕಳಿಸಿದ ಮಗ ಕೆಟ್ಟನೆಂದು ತಿಳಿದಾಗ ಹಿರಿಯರು ಮಾಡುವುದೇನು? ಮೊದಲು ಮುಚ್ಚುತ್ತಾರೆ. ಓಣಿಯವರಿಗೆ ಗೊತ್ತಾದರೆ ಮರ್ಯಾದೆ ಹೋಯಿತು, ಮಗಳಿಗೆ ವರ ಸಿಗುವುದಿಲ್ಲ ಎಂಬ ಅಂಜಿಕೆ. ಸಾಲಗಾರರು ಬಾಗಿಲಿಗೆ ಬಂದರೆ ಎರಡೆಕರೆ ಮಾರಿ ತೀರಿಸುತ್ತಾರೆ. ಕೊನೆಗೆ ಒಂದು ಉಪಾಯ: 'ಕೊರಳಿಗೆ ಒಂದು ಹೆಣ್ಣು ಕಟ್ಟಿದರೆ ಸರಿಹೋಗುತ್ತಾನೆ.' ಬೀಗರಿಗೆ ಒಂದು ಮಾತೂ ತಿಳಿಸದೆ ಲಗ್ನ ಮುಗಿಯುತ್ತದೆ. ತಿಳಿದೂ ತಿಳಿದೂ ಇನ್ನೊಬ್ಬರ ಮನೆಯ ಮಗಳನ್ನು ಔಷಧದ ಬದಲು ಬಳಸುವುದು ಪಾಪವಲ್ಲದೆ ಮತ್ತೇನು? ಅಕ್ಷತೆ ಹಾಕಲು ಬಂದ ದೈವದವರೆಲ್ಲರೂ ಅದರಲ್ಲಿ ಪಾಲುಗಾರರು.

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಹಣವನ್ನಲ್ಲ, ದುಶ್ಚಟಗಳನ್ನು ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನ. ಆ ಜೋಳಿಗೆಗೆ ಬಿದ್ದ ಬೀಡಿ ಕಟ್ಟು, ತಂಬಾಕಿನ ಚೀಲಗಳಿಗೆ ಲೆಕ್ಕವಿಲ್ಲ. ಅದರ ದೊಡ್ಡತನ ಎಲ್ಲರೆದುರು ಒಪ್ಪಿಕೊಳ್ಳುವ ಧೈರ್ಯ ಕೊಟ್ಟದ್ದರಲ್ಲಿದೆ. ಆದರೆ ಈ ಬಿಳಿ ಹರಳಿನ ಚಟಕ್ಕೆ ಪ್ರಮಾಣವೊಂದೇ ಸಾಲದು. ಬಿಟ್ಟ ಮೊದಲ ದಿನಗಳಲ್ಲಿ ಹುಡುಗ ಹಗಲಿರುಳು ಮಲಗುತ್ತಾನೆ, ಎದ್ದಾಗ ಲೋಕವೇ ಕತ್ತಲಾಗಿ ಕಾಣುತ್ತದೆ, ಸಾಯುವ ಯೋಚನೆ ಬರುತ್ತದೆ. ಅವನನ್ನು ಒಂಟಿಯಾಗಿ ಬಿಡಬಾರದು. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿ ಅವನ ಕೈಗೆ ಸಿಗುವಲ್ಲಿ ಇರಬಾರದು.

ಈ ಚಟವನ್ನು ಹೋಗಲಾಡಿಸುವ ಗುಳಿಗೆ ಇನ್ನೂ ಬಂದಿಲ್ಲ. ಆಪ್ತಸಲಹೆ, ಮನೆಯವರ ತಾಳ್ಮೆ, ದಿನಚರಿ, ಇವೇ ಚಿಕಿತ್ಸೆ. ವರ್ಷಕ್ಕೂ ಮಿಕ್ಕಿ ದೂರವಿದ್ದವರ ಮಿದುಳು ಬಹುಮಟ್ಟಿಗೆ ಚೇತರಿಸಿಕೊಂಡದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಆದ್ದರಿಂದ ಒಂದು ತಿಂಗಳಿಗೇ 'ಇವನು ಸುಧಾರಿಸುವವನಲ್ಲ' ಎಂದು ಕೈಬಿಡುವುದು ಅವಸರ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಿವೆ. 14446 ಸಂಖ್ಯೆಗೆ ಫೋನ್ ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುತ್ತದೆ.

ಪೊಲೀಸರ ಭಯಕ್ಕೆ ಮಗನನ್ನು ಅಡಗಿಸುವ ತಂದೆಯರು ಒಂದು ಸಂಗತಿ ತಿಳಿದಿರಬೇಕು. 1985ರ ಮಾದಕ ವಸ್ತು ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ವ್ಯಸನಿಯಾದವನು ತಾನು ಸೇವಿಸಿದ್ದಕ್ಕಾಗಿ ಅಥವಾ ಅಲ್ಪ ಪ್ರಮಾಣ ಸಿಕ್ಕಿದ್ದಕ್ಕಾಗಿ ಆರೋಪಿಯಾಗಿ, ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಬಂದು ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ದೊಡ್ಡ ಪ್ರಮಾಣದಲ್ಲಿ ವ್ಯಾಪಾರಕ್ಕೆ ಇಳಿದವನಿಗೆ ಈ ರಿಯಾಯಿತಿ ಇಲ್ಲ. ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು. ನಡುವೆ ಬಿಟ್ಟು ಓಡಿಬಂದರೆ ರಕ್ಷಣೆ ತಪ್ಪಬಹುದು. ಹೋಗುವಾಗ ಮನೆಯ ಹಿರಿಯರೊಬ್ಬರು ಜೊತೆಗಿದ್ದು, ಏನು ಸೇವಿಸಿದ್ದಾನೆ, ಎಷ್ಟು ದಿನದಿಂದ ಎಂಬುದನ್ನು ವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿರಿ.