ಶ್ವಾಸಕೋಶದ ಅರ್ಬುದರೋಗದಲ್ಲಿ ಚಯಾಪಚಯ ಚಿತ್ರಣ: ಅದರ ಬಲ ಮತ್ತು ಮಿತಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಜನರು ಅರ್ಬುದರೋಗ, ಅಂದರೆ ಕ್ಯಾನ್ಸರಿನ ಚಿಕಿತ್ಸೆಗಾಗಿ ಘಟ್ಟವಿಳಿದು ಮಣಿಪಾಲ, ಮಂಗಳೂರುಗಳಿಗೋ, ಬಯಲಿನ ಹುಬ್ಬಳ್ಳಿಗೋ ಹೋಗುವುದು ರೂಢಿ. ಶ್ವಾಸಕೋಶದ ರೋಗವಾದರೆ ವೈದ್ಯರು ‘ಪೆಟ್ ಸ್ಕ್ಯಾನ್’ ಎಂಬ ಪರೀಕ್ಷೆಯನ್ನು ಸೂಚಿಸುವುದುಂಟು. ಅದರ ವರದಿಯಲ್ಲಿರುವ ಅಂಕೆಯೊಂದನ್ನು ಮುಂದಿಟ್ಟು, ‘ರೋಗಿ ಉಳಿಯುವನೇ?’ ಎಂದು ಮನೆಯವರು ಊರಿನ ವಿದ್ಯಾವಂತರನ್ನು ಕೇಳುತ್ತಾರೆ. ಇತಿಹಾಸದ ಅಧ್ಯಾಪಕನು ವೈದ್ಯನಲ್ಲ. ಆದರೆ ಸಾಕ್ಷ್ಯವೊಂದು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬ ವಿವೇಚನೆಯು ಅವನ ಕೆಲಸವೇ ಆಗಿದೆ.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣವು ಗಂಟಿನ ಆಕಾರವನ್ನು ತೋರಿಸುತ್ತದೆ, ಅದರ ಚಟುವಟಿಕೆಯನ್ನಲ್ಲ. ಅರ್ಬುದದ ಜೀವಕೋಶಗಳು ಗ್ಲೂಕೋಸನ್ನು ಅತಿಯಾಗಿ ಬಳಸುತ್ತವೆಂಬುದನ್ನು ಜರ್ಮನಿಯ ಆಟೋ ವಾರ್‌ಬರ್ಗ್ 1920ರ ದಶಕದಲ್ಲಿ ತೋರಿಸಿದನು. ಈ ತತ್ತ್ವವನ್ನು ಆಧರಿಸಿ, ವಿಕಿರಣಶೀಲ ಫ್ಲೋರಿನ್-18 ಬೆರೆತ, ಸಕ್ಕರೆಯನ್ನು ಹೋಲುವ ವಸ್ತುವೊಂದನ್ನು ಸಿದ್ಧಪಡಿಸಲಾಯಿತು. 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಭಾರತದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿತು.

ಈ ವಸ್ತುವನ್ನು ಜೀವಕೋಶವು ಸಕ್ಕರೆಯೆಂದೇ ಒಳಗೆಳೆದುಕೊಳ್ಳುತ್ತದೆ. ಪೂರ್ಣವಾಗಿ ಜೀರ್ಣಿಸಲಾರದೆ ಒಳಗೇ ಉಳಿಸಿಕೊಳ್ಳುತ್ತದೆ. ಅಲ್ಲಿಂದ ಹೊರಡುವ ಕಿರಣಗಳನ್ನು ಯಂತ್ರವು ಗ್ರಹಿಸಿ ಚಿತ್ರವಾಗಿಸುತ್ತದೆ. ಕೊಟ್ಟ ಪ್ರಮಾಣಕ್ಕೂ ದೇಹದ ತೂಕಕ್ಕೂ ಹೋಲಿಸಿ, ಆ ಸ್ಥಳವು ಎಷ್ಟನ್ನು ಹೀರಿತೆಂದು ಹೇಳುವ ಅಂಕೆಯೇ ‘ಎಸ್‌ಯುವಿ’. ಇದರೊಡನೆ, ಹೆಚ್ಚಾಗಿ ಸಕ್ಕರೆ ಹೀರುವ ಗಂಟುಗಳ ಒಟ್ಟು ಗಾತ್ರವನ್ನೂ ಅಳೆಯುವರು. ಇವೆರಡೂ ಹೆಚ್ಚಿದ್ದಲ್ಲಿ ರೋಗದ ಗತಿಯು ಸಾಮಾನ್ಯವಾಗಿ ತೀವ್ರವೆಂದು ಅನೇಕ ಅಧ್ಯಯನಗಳಿಂದ ತಿಳಿದುಬಂದಿದೆ.

ಇದರ ಪ್ರಯೋಜನವು ಭವಿಷ್ಯ ನುಡಿಯುವುದರಲ್ಲಷ್ಟೇ ಇಲ್ಲ. 2002ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ 188 ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ವ್ಯರ್ಥವಾದ ಎದೆಯ ಶಸ್ತ್ರಚಿಕಿತ್ಸೆಗಳು ಸಾಮಾನ್ಯ ಪರೀಕ್ಷೆಗಳ ಗುಂಪಿನಲ್ಲಿ ಶೇಕಡ 41ರಷ್ಟಿದ್ದರೆ, ಪೆಟ್ ಪರೀಕ್ಷೆಯೂ ನಡೆದ ಗುಂಪಿನಲ್ಲಿ ಶೇಕಡ 21ರಷ್ಟಿದ್ದವು.

ಆದರೆ ಮಿತಿಗಳೂ ಉಂಟು. ಕ್ಷಯದ ಗಂಟೂ ಸಕ್ಕರೆಯನ್ನು ಹೀರುತ್ತದೆ. ಕ್ಷಯವು ಇನ್ನೂ ಉಳಿದಿರುವ ನಮ್ಮ ದೇಶದಲ್ಲಿ, ಚಿತ್ರದಲ್ಲಿ ಬೆಳಗಿದುದೆಲ್ಲವೂ ಅರ್ಬುದವಲ್ಲ. ಅಂಗಾಂಶದ ತುಣುಕನ್ನು ಪರೀಕ್ಷಿಸಿಯೇ ನಿರ್ಧರಿಸಬೇಕಾಗುತ್ತದೆ. ರಕ್ತದ ಸಕ್ಕರೆ ಏರಿದ್ದರೂ, ಯಂತ್ರ ಬೇರೆಯಾದರೂ ಅಂಕೆಯು ಬದಲಾಗುತ್ತದೆ. ಆದುದರಿಂದ ಹಿಂದಿನ ವರದಿಯನ್ನೂ ಚಿತ್ರಗಳನ್ನೂ ಜೋಪಾನವಾಗಿಡುವುದು, ಸಾಧ್ಯವಾದರೆ ಮರುಪರೀಕ್ಷೆಯನ್ನು ಅದೇ ಯಂತ್ರದಲ್ಲಿ ಮಾಡಿಸುವುದು ಯುಕ್ತ.

ದೂರವೂ ಒಂದು ಮಿತಿಯೇ. ಫ್ಲೋರಿನ್-18ರ ಶಕ್ತಿಯು ಪ್ರತಿ 110 ನಿಮಿಷಗಳಿಗೆ ಅರ್ಧವಾಗುತ್ತದೆ. ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿಲೋಮೀಟರ್. ರಸ್ತೆಯಲ್ಲಿ ಏಳೆಂಟು ಗಂಟೆಗಳ ಪ್ರಯಾಣ. ಅಲ್ಲಿ ತಯಾರಿಸಿ ಕಳುಹಿಸಿದರೆ ಇಲ್ಲಿಗೆ ತಲಪುವಾಗ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿದೀತು. ಔಷಧವು ನಮ್ಮೂರಿಗೆ ಬರುವುದಕ್ಕಿಂತ ರೋಗಿಯೇ ಅದರ ಬಳಿಗೆ ಹೋಗಬೇಕಾಗಿರುವುದಕ್ಕೆ ಇದೂ ಒಂದು ಕಾರಣ. ಪರೀಕ್ಷೆಗೆ ಮುನ್ನ ಸುಮಾರು ಆರು ಗಂಟೆ ಉಪವಾಸವಿರಬೇಕಾದುದರಿಂದ, ಮಧುಮೇಹವುಳ್ಳವರು ಪ್ರಯಾಣಕ್ಕೆ ಮೊದಲೇ ವೈದ್ಯರಿಗೆ ತಿಳಿಸುವುದು ಅವಶ್ಯ.

ಇನ್ನು ಮನೆಯವರ ಪ್ರಶ್ನೆ. ಜನಗಣತಿಯಿಂದ ಒಂದು ತಾಲ್ಲೂಕಿನ ಸ್ಥಿತಿಯನ್ನು ತಿಳಿಯಬಹುದೇ ಹೊರತು ಅಲ್ಲಿಯ ಒಬ್ಬ ರೈತನ ಬಾಳನ್ನಲ್ಲ. ಹಾಗೆಯೇ ಈ ಅಂಕೆಯು ನೂರಾರು ರೋಗಿಗಳ ಸರಾಸರಿ ಅನುಭವವನ್ನು ಸೂಚಿಸುತ್ತದೆಯೇ ವಿನಾ ಒಬ್ಬನ ಆಯುಷ್ಯವನ್ನಲ್ಲ. ಅದು ಚಿಕಿತ್ಸೆಗೆ ದಾರಿ ತೋರುವ ಸಾಕ್ಷ್ಯ; ಜಾತಕವಲ್ಲ. ಕೇಳಬಂದವರಿಗೆ ಇಷ್ಟನ್ನು ಸ್ಪಷ್ಟವಾಗಿ ತಿಳಿಸಿ, ಅವರನ್ನು ಪುನಃ ವೈದ್ಯರ ಬಳಿಗೆ ಕಳುಹಿಸುವುದು ವಿದ್ಯಾವಂತರ ಕರ್ತವ್ಯವಾಗಿದೆ.