ಸ್ಪಾರ್ಕ್ ಪ್ಲಗ್: ಬೆಲೆಗಿಂತ ಅಂಕಿ ಮುಖ್ಯ

ಪೆಟ್ರೋಲ್ ಕಾರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಅದರ ಒಂದೊಂದು ಸ್ಪಾರ್ಕ್ ಪ್ಲಗ್ಗೂ ಸೆಕೆಂಡಿಗೆ 25 ಕಿಡಿ ಹಾರಿಸುತ್ತಿರುತ್ತದೆ. ಬ್ಯಾಟರಿಯಲ್ಲಿರುವುದು 12 ವೋಲ್ಟ್. ಇಗ್ನಿಷನ್ ಕಾಯಿಲ್ ಅದನ್ನು ಹತ್ತಿಪ್ಪತ್ತು ಸಾವಿರಕ್ಕೆ ಏರಿಸಿ, ಮಿಲಿಮೀಟರ್ ಆಸುಪಾಸಿನ ಗ್ಯಾಪ್ ದಾಟಿಸುತ್ತದೆ. ಪ್ರತಿ ಕಿಡಿಯೂ ಎಲೆಕ್ಟ್ರೋಡಿನ ಲೋಹವನ್ನು ಕೊಂಚ ಸವೆಸುತ್ತದೆ. ಗ್ಯಾಪ್ ಹಿಗ್ಗಿದಷ್ಟೂ ಹೆಚ್ಚು ವೋಲ್ಟೇಜ್ ಬೇಕು. ಕೊನೆಗೊಮ್ಮೆ ಕಾಯಿಲ್ ಸೋತು, ಗಾಡಿ ಮಿಸ್ಸಿಂಗ್ ಹೊಡೆಯತೊಡಗುತ್ತದೆ. ಆಗ ಬಿಡಿಭಾಗದ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆ: ಮಾಮೂಲಿ ಪ್ಲಗ್ಗೋ, ಇರಿಡಿಯಮ್ಮೋ?

ಮೊದಲು ಕೇಳಬೇಕಾದ್ದು ಅದಲ್ಲ. ಪ್ಲಗ್ಗಿಗೆ ಕಿಡಿಯಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ: ತನ್ನ ತುದಿಯ ಶಾಖವನ್ನು ಎಂಜಿನ್ ಹೆಡ್‌ಗೆ ಸಾಗಿಸುವುದು. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಅದರ ಮೇಲೆ ಕೂತ ಮಸಿ ಸುಟ್ಟುಹೋಗುವುದಿಲ್ಲ. ಮಸಿ ವಿದ್ಯುತ್ತನ್ನು ಹರಿಯಬಿಡುತ್ತದೆಯಾದ್ದರಿಂದ ಕಿಡಿಯಾಗಬೇಕಾದದ್ದು ಪಿಂಗಾಣಿಯ ಮೇಲೆ ಸೋರಿಹೋಗುತ್ತದೆ. 850 ಡಿಗ್ರಿ ಮೀರಿದರೆ ಕಾದ ತುದಿಯೇ ಕಿಡಿಗೆ ಮುಂಚೆ ಪೆಟ್ರೋಲ್–ಗಾಳಿಯ ಮಿಶ್ರಣಕ್ಕೆ ಬೆಂಕಿ ಹಚ್ಚಬಹುದು. ಇದು ಮುಂದುವರಿದರೆ ಪಿಸ್ಟನ್ನೇ ಕರಗಿ ತೂತಾಗುತ್ತದೆ.

ಈ ಎರಡು ಅಂಚುಗಳ ನಡುವೆ ತುದಿಯನ್ನು ಇರಿಸುವುದು ಮುಖ್ಯವಾಗಿ ಒಳಗಿನ ಪಿಂಗಾಣಿ ಮೂತಿಯ ಉದ್ದ. ಸೌಟಿನ ಹಿಡಿ ಉದ್ದವಿದ್ದಷ್ಟೂ ಬಿಸಿ ಕೈಗೆ ತಡವಾಗಿ ಮುಟ್ಟುವಂತೆ, ಉದ್ದ ಮೂತಿಯಲ್ಲಿ ಶಾಖ ನಿಧಾನವಾಗಿ ಸಾಗುತ್ತದೆ. ಇದು ‘ಹಾಟ್’ ಪ್ಲಗ್. ಮೂತಿ ಗಿಡ್ಡವಾದರೆ ‘ಕೋಲ್ಡ್’. ಹೆಚ್ಚು ಶಾಖ ಹುಟ್ಟಿಸುವ ಟರ್ಬೊ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಕೋಲ್ಡ್ ಕಡೆಯದೇ ಬೇಕು.

ಪ್ಲಗ್ಗಿನ ಮೈಮೇಲಿನ ಸಂಕೇತದಲ್ಲಿ ಇದೆಲ್ಲ ಬರೆದಿರುತ್ತದೆ. ಜಪಾನಿನ ಎನ್‌ಜಿಕೆಯ ‘ಬಿಕೆಆರ್6ಇ-11’ ನೋಡಿ. 14 ಮಿ.ಮೀ. ಥ್ರೆಡ್, 16 ಮಿ.ಮೀ. ಪಾನಾ, ರೇಡಿಯೊ ಗೊರಗೊರ ತಡೆಯುವ ರೆಸಿಸ್ಟರ್, ಶಾಖದ ಅಂಕಿ 6, ಥ್ರೆಡ್ ಉದ್ದ 19 ಮಿ.ಮೀ., ಗ್ಯಾಪ್ 1.1 ಮಿ.ಮೀ. ಜನ ಎಡವುವುದು ಶಾಖದ ಅಂಕಿಯಲ್ಲಿ. ಎನ್‌ಜಿಕೆ, ಡೆನ್ಸೊಗಳಲ್ಲಿ ಅಂಕಿ ಏರಿದಂತೆ ಪ್ಲಗ್ ಕೋಲ್ಡ್ ಆಗುತ್ತದೆ. ಬೆಂಗಳೂರಿನ ಆಡುಗೋಡಿಯ ಮೈಕೋ ಮೂಲಕ ನಮಗೆ ಪರಿಚಿತವಾದ ಬಾಷ್‌ನಲ್ಲಿ ಅಂಕಿ ಏರಿದಂತೆ ಹಾಟ್ ಆಗುತ್ತದೆ. ಕಂಪನಿ ಬದಲಿಸುವಾಗ ಅಂಕಿಗೆ ಅಂಕಿ ಹೊಂದಿಸಿದರೆ ಕೆಟ್ಟಿತು. ಹೋಲಿಕೆ ಪಟ್ಟಿ ನೋಡಲೇಬೇಕು. ಥ್ರೆಡ್ ಉದ್ದದಲ್ಲೂ ರಾಜಿಯಿಲ್ಲ: ಹೆಚ್ಚಾದರೆ ಪಿಸ್ಟನ್ನಿಗೆ ತಾಗಬಹುದು, ಕಡಿಮೆಯಾದರೆ ಕಿಡಿ ಗುಳಿಯೊಳಗೇ ಉಳಿಯುತ್ತದೆ.

ಇನ್ನು ಲೋಹ. ನಿಕಲ್ ಕರಗುವುದು 1455 ಡಿಗ್ರಿಯಲ್ಲಿ, ಪ್ಲಾಟಿನಂ 1768ರಲ್ಲಿ, ಇರಿಡಿಯಂ 2400 ದಾಟಿದ ಮೇಲೆ. ಗಟ್ಟಿಮುಟ್ಟಾದ ಇರಿಡಿಯಂನ ತುದಿಯನ್ನು ಅರ್ಧ ಮಿಲಿಮೀಟರ್ ಆಸುಪಾಸಿಗೆ ಇಳಿಸಬಹುದು. ಚೂಪು ತುದಿಯಲ್ಲಿ ವಿದ್ಯುತ್ ಕ್ಷೇತ್ರ ಸಾಂದ್ರವಾಗುವುದರಿಂದ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ನಿಕಲ್ ಪ್ಲಗ್ಗನ್ನು ಸಾಮಾನ್ಯವಾಗಿ 20ರಿಂದ 40 ಸಾವಿರ ಕಿ.ಮೀ.ಗೆ ಬದಲಿಸಿದರೆ, ಇರಿಡಿಯಂ ಪ್ಲಗ್ಗುಗಳಲ್ಲಿ ಕೆಲವು ಒಂದು ಲಕ್ಷದ ಹತ್ತಿರ ಬರುತ್ತವೆ. ಕೊಟ್ಟ ಹೆಚ್ಚಿನ ದುಡ್ಡಿಗೆ ಸಿಗುವುದು ಈ ಆಯುಷ್ಯ. ಸುಸ್ಥಿತಿಯಲ್ಲಿರುವ ಎಂಜಿನ್ನಿಗೆ ಹೊಸ ಪಿಕಪ್ ಅದರಿಂದ ಬರುವುದಿಲ್ಲ. ಆದರೆ ಕಾರ್ಖಾನೆಯೇ ಇರಿಡಿಯಂ ಹಾಕಿ ಕಳಿಸಿದ್ದರೆ ಉಳಿತಾಯಕ್ಕೆಂದು ನಿಕಲ್‌ಗೆ ಇಳಿಯಬೇಡಿ. ಸಿಎನ್‌ಜಿ ಗಾಡಿಗಳಲ್ಲಿ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಪ್ಲಗ್ ಬೇಗ ಸೋಲುತ್ತದೆ, ಬದಲಾವಣೆಯ ಅವಧಿಯೂ ಕಿರಿದು.

ಹಳೆಯ ಪ್ಲಗ್ಗುಗಳನ್ನು ಎಸೆಯುವ ಮುನ್ನ ಸಿಲಿಂಡರ್ ಕ್ರಮದಲ್ಲೇ ಸಾಲಾಗಿಟ್ಟು ನೋಡಿ. ತಿಳಿ ಕಂದು ಬಣ್ಣವಿದ್ದರೆ ಕ್ಷೇಮ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿರಬಹುದು, ಇಲ್ಲವೇ ಪ್ಲಗ್ ಕೋಲ್ಡ್ ಆಗಿರಬಹುದು. ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲಿನ ಮೇಲೆ ಅನುಮಾನ. ಸುಣ್ಣದಂತೆ ಬಿಳಚಿ ಗುಳ್ಳೆಯೆದ್ದಿದ್ದರೆ ಅತಿ ಶಾಖ. ಮೂರು ಚೆನ್ನಾಗಿದ್ದು ಒಂದೇ ಕೆಟ್ಟಿದ್ದರೆ ಹೊಸ ಪ್ಲಗ್ ಮಾತ್ರ ಸಾಲದು, ಆ ಸಿಲಿಂಡರನ್ನೇ ಪರೀಕ್ಷಿಸಬೇಕು. ಹೊಸ ಪ್ಲಗ್ ಕೂರಿಸುವುದು ಎಂಜಿನ್ ತಣಿದ ಮೇಲೆ: ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಕೈಪಿಡಿ ಹೇಳುವಷ್ಟೇ ಬಿಗಿ ಮಾಡಿ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಹೋದರೆ ಅದರ ರಿಪೇರಿಯ ಖರ್ಚಿನ ಮುಂದೆ ಇರಿಡಿಯಂ ಪ್ಲಗ್ಗೂ ಅಗ್ಗವೆನಿಸುತ್ತದೆ.